ತಲೆಯೊಳಗಿನ ಅಪ್ರಸ್ತುತ ಪ್ರಸಂಗಿ

(ಮೈಸೂರಿನ ಸರಸ್ವತಿಪುರಂನಲ್ಲಿ ಪೋಷಕರೂ ಶಿಕ್ಷಕರೂ ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರಹಕ್ಕಿಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ದಾರಿ ತಪ್ಪಿದ ಕಡೆಗಳನ್ನು ಪೂರ್ತಿ ತೆಗೆಯಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಸಭೆ ಹತ್ತೂವರೆಗೆ ಎಂದಿದ್ದರು. ನಾನು ಒಂಬತ್ತಕ್ಕೇ ಬಂದು ಎದುರಿನ ಹೋಟೆಲಿನಲ್ಲಿ ಕುಳಿತು ಎರಡು ಕಾಫಿ ಮುಗಿಸಿದ್ದೆ. ಸಂಘಟಕರಲ್ಲೊಬ್ಬರು ನನ್ನನ್ನು ಅಲ್ಲಿ ಕಂಡು, "ಏನು ಸಾರ್, ಎಂಥ ಶಿಸ್ತು ನಿಮ್ಮದು!" ಎಂದರು. ಅದು ಶಿಸ್ತಲ್ಲ, ಹೆದರಿಕೆ. ಹೊರಡುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡೋಣ ಎಂದು ಕೈ ಹಾಕಿದೆನೋ, ತಲೆ ಎತ್ತುವ ಹೊತ್ತಿಗೆ ನೀವೆಲ್ಲ ಮನೆಗೆ ಹೋಗಿ ಊಟ ಮುಗಿಸಿರುತ್ತೀರಿ. ಆದ್ದರಿಂದ ಹತ್ತೂವರೆಗೆ ಒಂದು ಕೆಲಸವಿದ್ದರೆ ಇಡೀ ಬೆಳಗು ಅದಕ್ಕೇ ಬಲಿ. ಎಡಿಎಚ್‌ಡಿ, ಅಂದರೆ ಗಮನ ಹತೋಟಿಯಲ್ಲಿ ನಿಲ್ಲದ, ಚಡಪಡಿಕೆಯ ತೊಂದರೆ, ಇರುವವರೆಂದರೆ ಸದಾ ತಡವಾಗಿ ಬರುವವರು ಎಂದು ನೀವು ತಿಳಿದಿರಬಹುದು. ಒಂದೂವರೆ ಗಂಟೆ ಮುಂಚೆ ಬಂದು ಕುಳಿತವನೂ ಅದೇ ಪೈಕಿ.

ನಾನು ವೈದ್ಯನಲ್ಲ. ಅಗ್ರಹಾರದ ಹತ್ತಿರ ಚಿಕ್ಕದೊಂದು ಪ್ರೆಸ್ಸು ನಡೆಸುತ್ತೇನೆ. ಬಿಲ್ ಪುಸ್ತಕ, ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಚುನಾವಣೆ ಬಂದಾಗ ಕರಪತ್ರ. ನನಗೀಗ 52. ಎಡಿಎಚ್‌ಡಿ ಇದೆ ಎಂದು ಗೊತ್ತಾದದ್ದು 44ರಲ್ಲಿ, ಅದೂ ನನಗಾಗಿ ಹೋಗಿದ್ದಾಗ ಅಲ್ಲ. ಮಗಳನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆವು. ಅವರು ಒಂದೊಂದೇ ಪ್ರಶ್ನೆ ಓದುತ್ತಾ ಹೋದರು. ವಸ್ತುಗಳನ್ನು ಕಳೆಯುತ್ತಾಳೆಯೇ, ಹೇಳಿದ ಮಾತು ಕಿವಿಗೆ ಬಿದ್ದೂ ಬೀಳದ ಹಾಗೆ ಇರುತ್ತಾಳೆಯೇ, ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡುತ್ತಾಳೆಯೇ. ನನ್ನ ಹೆಂಡತಿ ಪ್ರತಿ ಪ್ರಶ್ನೆಗೂ ಮಗಳ ಕಡೆ ನೋಡುವ ಬದಲು ನನ್ನ ಕಡೆ ನೋಡುತ್ತಿದ್ದಳು. ನಾಲ್ಕನೆಯದಕ್ಕೋ ಐದನೆಯದಕ್ಕೋ ವೈದ್ಯರು ಪೆನ್ನು ಕೆಳಗಿಟ್ಟು ನಕ್ಕರು. ಇದರಲ್ಲಿ ವಂಶದ ಪಾಲು ಶೇ 70ರಿಂದ 80ರಷ್ಟು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಎತ್ತರದ ಲೆಕ್ಕಕ್ಕೆ ಹತ್ತಿರ ಹತ್ತಿರ. ಮಗುವಿಗಾಗಿ ಬಂದ ತಂದೆ ಅಥವಾ ತಾಯಿ ತಾವೂ ಒಂದು ಚೀಟಿ ಹಿಡಿದುಕೊಂಡು ಹೋಗುವುದು ಆ ವೈದ್ಯರಿಗೆ ಹೊಸದೇನಲ್ಲ.

ಇದು ಮೊಬೈಲಿನಿಂದ ಬಂದದ್ದು ಎನ್ನುವವರು ಈ ಸಭೆಯಲ್ಲೂ ಇರಬಹುದು. 1798ರಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದಾಗ, ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಗಮನ ಒಂದೆಡೆ ನಿಲ್ಲದವರ ಬಗ್ಗೆ ಬರೆದಿದ್ದಾರೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಮೇಲೆಯೇ ಉಪನ್ಯಾಸ ಕೊಟ್ಟರು. ಆದರೆ ಅವರು ಇದನ್ನು ನೈತಿಕ ಹತೋಟಿಯ ದೋಷ ಎಂದರು. ನಮ್ಮ ಶಾಲೆಗಳಲ್ಲಿ ಇಂದಿಗೂ ಬಹುಪಾಲು 1902ನೇ ಇಸವಿಯೇ ನಡೆಯುತ್ತಿದೆ. ನನ್ನ ಅಂಕಪಟ್ಟಿಗಳಲ್ಲಿ ವರ್ಷವರ್ಷವೂ ಒಂದೇ ಷರಾ: "ಬುದ್ಧಿವಂತ, ಗಮನ ಸಾಲದು."

ಗಮನ ಸಾಲದು ಎನ್ನುವುದು ನಿಜವೇ? ನೀವೆಲ್ಲ ಅಷ್ಟಾವಧಾನ ನೋಡಿರುತ್ತೀರಿ. ಅವಧಾನ ಎಂದರೆ ಗಮನ ಎಂದೇ ಅರ್ಥ. ವೇದಿಕೆಯ ಮೇಲೆ ನಿಂತಲ್ಲೇ ಪದ್ಯ ಕಟ್ಟುವ ಅವಧಾನಿ, ಅವರನ್ನು ಪ್ರಶ್ನೆ ಕೇಳುವ ಎಂಟು ಜನ ಪೃಚ್ಛಕರು. ಒಬ್ಬರು ನಿಷೇಧಾಕ್ಷರಿ, ಒಬ್ಬರು ಸಮಸ್ಯಾಪೂರಣ, ಒಬ್ಬರು ದತ್ತಪದಿ, ಹೀಗೆ. ಅವರ ನಡುವೆ ಅಪ್ರಸ್ತುತ ಪ್ರಸಂಗಿ ಎಂದು ಒಬ್ಬರಿರುತ್ತಾರೆ. ಅವಧಾನಿ ಪದ್ಯದ ಮೂರನೇ ಪಾದದಲ್ಲಿ ಇರುವಾಗ, "ಸ್ವಾಮಿ, ನಿನ್ನೆ ನಿಮ್ಮ ಮನೆಯಲ್ಲಿ ಏನು ಸಾರು?" ಎಂದು ಕೇಳುವುದೇ ಅವರ ಕೆಲಸ. ಅವಧಾನಿ ಅದಕ್ಕೂ ಚಟಾಕಿ ಹಾರಿಸಿ ಪದ್ಯಕ್ಕೆ ಮರಳುತ್ತಾರೆ. ನನ್ನ ತಲೆಯಲ್ಲೂ ಆ ಎಂಟು ಜನ ಇದ್ದಾರೆ. ಅಲ್ಲಿ ಅಪ್ರಸ್ತುತ ಪ್ರಸಂಗಿಯೇ ಸಭೆಯ ಅಧ್ಯಕ್ಷ, ಅಷ್ಟೇ ವ್ಯತ್ಯಾಸ. ಗಮನ ನನ್ನಲ್ಲಿ ಕಡಿಮೆಯೇನಿಲ್ಲ. ಹಳೆಯ ಮುದ್ರಣ ಯಂತ್ರ ಕೆಟ್ಟರೆ ಆರು ಗಂಟೆ ಅದರ ಕೆಳಗೆ ಮಲಗಿ ಊಟ ಮರೆತು ರಿಪೇರಿ ಮಾಡುತ್ತೇನೆ. ಅದೇ ದಿನ ಐದು ನಿಮಿಷದ ಬ್ಯಾಂಕಿನ ಅರ್ಜಿ ತುಂಬಲಾರೆ. ಕುದುರೆ ಚೆನ್ನಾಗಿಯೇ ಇದೆ. ಲಗಾಮು ನನ್ನ ಕೈಯಲ್ಲಿ ಇಲ್ಲ.

ಮಾತ್ರೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪು ತಿಳಿಯುತ್ತೀರಿ. ನಾನು ಮಾತ್ರೆಯ ವಿರೋಧಿಯಲ್ಲ. ನನ್ನ ಮಗಳು ಇದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ತೆಗೆದುಕೊಂಡಳು, ಅದರಿಂದ ಅವಳಿಗೆ ಓದಿನಲ್ಲಿ ನೆಲೆ ಸಿಕ್ಕಿತು. ನನಗೆ ಮಾತ್ರೆ ಬೇಡವಾದದ್ದು ರಕ್ತದೊತ್ತಡದ ಕಾರಣಕ್ಕೆ. ಈ ಔಷಧಗಳು ನಾಡಿ ಬಡಿತವನ್ನೂ ಒತ್ತಡವನ್ನೂ ಸ್ವಲ್ಪ ಏರಿಸುತ್ತವೆ. ನನ್ನದು ಆಗಲೇ ಏರಿ ಕುಳಿತಿತ್ತು. ಮೊದಲು ಅದನ್ನು ಇಳಿಸೋಣ, ಅಲ್ಲಿಯವರೆಗೆ ಬೇರೆ ದಾರಿ ನೋಡೋಣ ಎಂದು ವೈದ್ಯರೂ ನಾನೂ ಕೂತು ತೀರ್ಮಾನಿಸಿದೆವು. ಆ ಬೇರೆ ದಾರಿಯಲ್ಲೇ ನಾನು ಇನ್ನೂ ಇದ್ದೇನೆ. ಅದು ಮಾತ್ರೆಗಿಂತ ಶ್ರೇಷ್ಠ ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ. 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿಕೊಂಡರು. ಗಮನ, ಚಡಪಡಿಕೆಯಂಥ ಮೂಲ ಲಕ್ಷಣಗಳ ಮಟ್ಟಿಗೆ, ಎಚ್ಚರದಿಂದ ಕೊಟ್ಟ ಔಷಧವೇ ನಡವಳಿಕೆಯ ತರಬೇತಿಗಿಂತ ಮೇಲಾಯಿತು. ಕೊಡುತ್ತಿರುವ ಮಾತ್ರೆಯನ್ನು ಈ ಭಾಷಣ ಕೇಳಿ ಯಾರೂ ನಿಲ್ಲಿಸಬೇಡಿ.

ಈಗ ಪ್ರೆಸ್ಸಿಗೆ ಬರುತ್ತೇನೆ. ರೋಗ ಗೊತ್ತಾಗುವ ಎರಡು ವರ್ಷ ಮೊದಲು ಒಂದು ಲಗ್ನಪತ್ರಿಕೆ ಅಚ್ಚು ಹಾಕಿದ್ದೆ. ಆರು ನೂರು ಪ್ರತಿ, ಚಿನ್ನದ ಬಣ್ಣದ ಗಣಪತಿ. ತಾರೀಕು ಸರಿ, ಮುಹೂರ್ತ ಸರಿ, ವಾರ ತಪ್ಪು. ಗುರುವಾರ ಇರಬೇಕಾದ ಕಡೆ ಶುಕ್ರವಾರ. ಪ್ರೂಫನ್ನು ನಾನೇ ಮೂರು ಸಲ ನೋಡಿದ್ದೆ. ವಧುವಿನ ತಾತ ಪತ್ರಿಕೆ ಹಿಡಿದುಕೊಂಡು ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು, 'ಶ್ರೀ ಗಣೇಶ ಪ್ರಸನ್ನ' ಎಂಬಲ್ಲಿಂದ ಶುರು ಮಾಡಿ ಒಂದೊಂದೇ ಪದವನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು. ವಾರ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಕಣ್ಣಿಗೆ ಮೂರು ಸಲವೂ ಕಾಣದೆ ಇದ್ದದ್ದು ಕಿವಿಗೆ ಒಂದೇ ಸಲಕ್ಕೆ ಬಿತ್ತು. ಆ ರಾತ್ರಿಯೇ ಸ್ವಂತ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿದೆ.

ನನ್ನ ತಂದೆಯ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಆಗಿನ್ನೂ ಇದ್ದರು. ವಿಷಯ ಕೇಳಿ ಬೈದರು: "ಪ್ರೂಫ್ ಒಬ್ಬನೇ ನೋಡುತ್ತಾರೇನಯ್ಯಾ? ಕಾಪಿ ಹಿಡಿಯುವವರು ಯಾರು?" ಹಳೆಯ ಪ್ರೆಸ್ಸುಗಳಲ್ಲಿ ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಪ್ರೂಫಿನ ಮೇಲೆ ಬೆರಳಾಡಿಸುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಆ ಎರಡನೆಯವನ ಸಂಬಳ ಉಳಿಸಿದೆವು. ನಾನು ಅದನ್ನು ಮತ್ತೆ ತಂದೆ. ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ, ಅವರು ಓದುತ್ತಾರೆ, ನಾನು ನೋಡುತ್ತೇನೆ. ತಪ್ಪುಗಳು ಕಡಿಮೆಯಾದದ್ದು ಸರಿಯೇ. ನನಗೆ ಅಚ್ಚರಿಯಾದದ್ದು ಬೇರೆ. ಅವರು ಪಕ್ಕದಲ್ಲಿ ಕುಳಿತಿರುವಷ್ಟು ಹೊತ್ತು ನಾನು ಕುರ್ಚಿಯಿಂದ ಏಳುತ್ತಿರಲಿಲ್ಲ. ಆಮೇಲೆ ಲೆಕ್ಕ ಬರೆಯುವಾಗಲೂ, "ಅಕ್ಕಾ, ನಿಮ್ಮ ಕೆಲಸ ಇಲ್ಲೇ ತಂದುಕೊಳ್ಳಿ" ಎನ್ನತೊಡಗಿದೆ. ಅವರು ಬಿಲ್ ಪುಸ್ತಕಕ್ಕೆ ನಂಬರ್ ಹಾಕುತ್ತಾರೆ, ನಾನು ಲೆಕ್ಕ ಬರೆಯುತ್ತೇನೆ, ಮಾತಿಲ್ಲ. ಇದಕ್ಕೆ ಬಾಡಿ ಡಬಲಿಂಗ್ ಎಂಬ ಹೆಸರಿದೆ ಎಂದು ಎಷ್ಟೋ ದಿನದ ಮೇಲೆ ತಿಳಿಯಿತು. ಪರೀಕ್ಷೆಗೆ ಓದುವಾಗ ಅಜ್ಜಿ ಅಕ್ಕಿ ಆರಿಸುತ್ತಾ ಎದುರಿಗೆ ಕುಳಿತಿರುತ್ತಿದ್ದರಲ್ಲ, ಅದೇ.

ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳುವ ಒಂದು ಮಾತು ನನಗೆ ಬಹಳ ಉಪಕಾರ ಮಾಡಿದೆ. ಏನು ಮಾಡಬೇಕು ಎಂಬ ಅರಿವು ಇಂಥವರಿಗೆ ಕಡಿಮೆಯಿಲ್ಲ, ಅರಿತದ್ದನ್ನು ಮಾಡುವ ಹೊತ್ತಿಗೆ ಮಾಡುವುದೇ ಕಷ್ಟ. ಹಾಗಾಗಿ ಸಹಾಯ ಇರಬೇಕಾದದ್ದು ಕೆಲಸ ನಡೆಯುವ ಜಾಗದಲ್ಲಿ. ಭಾನುವಾರದ ಉಪದೇಶ ಬುಧವಾರದ ಒಲೆಯ ಮುಂದೆ ಬರುವುದಿಲ್ಲ.

ಒಲೆ ಎಂದಾಗ ನೆನಪಾಯಿತು. (ಇಲ್ಲಿ ಚೀಲದಿಂದ ಇಕ್ಕಳ ತೆಗೆದು ತೋರಿಸಿದೆ. ಸಭೆಯಲ್ಲಿ ನಗು.) ನಗಬೇಡಿ, ಇದು ನನ್ನ ಔಷಧ. ಬೆಳಗ್ಗೆ ಹಾಲು ಕಾಯಿಸುವುದು ನನ್ನ ಪಾಲಿನ ಕೆಲಸ. ಹಾಲಿಟ್ಟು ಪೇಪರ್ ತರಲು ಹೋಗುವುದು, ಪೇಪರಿನಲ್ಲಿ ಯಾವುದೋ ಜಾಹೀರಾತಿನ ಅಕ್ಷರ ವಿನ್ಯಾಸ ನೋಡುತ್ತಾ ನಿಲ್ಲುವುದು, ಸುಟ್ಟ ವಾಸನೆ. ವಾರಕ್ಕೆ ಮೂರು ಸಲ. ಅಲಾರಂ ಇಟ್ಟೆ, ಅದನ್ನು ಆರಿಸಿ ಮತ್ತೆ ಓದುತ್ತಾ ನಿಂತೆ. ಕೊನೆಗೆ ಹೊಳೆದದ್ದು ಇದು. ಪಾತ್ರೆ ಒಲೆಗೆ ಇಡುತ್ತಲೇ ಇಕ್ಕಳ ಬಲಗೈಗೆ ಬರಬೇಕು, ಒಲೆ ಆರುವವರೆಗೂ ಕೆಳಗಿಡುವ ಹಾಗಿಲ್ಲ. ಎಲ್ಲಿಗೆ ಬೇಕಾದರೂ ಹೋಗಲಿ, ಯಾವುದನ್ನು ಮುಟ್ಟಲು ಹೋದರೂ ಕೈಗೆ ಕಬ್ಬಿಣ ತಾಗುತ್ತದೆ. ಪೇಪರ್ ಎತ್ತಿಕೊಳ್ಳುವಾಗ ತಾಗುತ್ತದೆ, ಫೋನ್ ಹಿಡಿಯುವಾಗ ತಾಗುತ್ತದೆ. ಗೇಟಿನ ಬಳಿ ಇಕ್ಕಳ ಹಿಡಿದು ನಿಂತ ನನ್ನನ್ನು ನೋಡಿ ಪಕ್ಕದ ಮನೆಯವರು, "ಯಾರನ್ನು ಹಿಡಿಯುವುದಕ್ಕೆ?" ಎಂದು ಕೇಳಿದ್ದೂ ಉಂಟು. ಹಾಲು ಉಕ್ಕುವುದು ಮಾತ್ರ ನಿಂತಿತು. ಅಲಾರಂ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಇಕ್ಕಳ ಸುಮ್ಮನಾಗುವುದಿಲ್ಲ.

ಇದೇ ಬುದ್ಧಿಯಿಂದ ಉಳಿದವು ಹುಟ್ಟಿದವು. ನಾಳೆ ಬ್ಯಾಂಕಿಗೆ ಒಯ್ಯಬೇಕಾದ ಕಾಗದ ಸ್ಕೂಟರ್ ಕೀ ಜೊತೆ ಕ್ಲಿಪ್ಪಿನಲ್ಲಿ ಇರುತ್ತದೆ. ಕೀ ಇಲ್ಲದೆ ಹೊರಡಲಾರೆನಲ್ಲ. ಕೀಗೆ ಬಾಗಿಲ ಪಕ್ಕ ಒಂದೇ ಮೊಳೆ, ಬೇರೆ ಎಲ್ಲೂ ಇಡುವ ಹಾಗಿಲ್ಲ, ಕೈಯಲ್ಲಿ ತರಕಾರಿ ಚೀಲ ಇದ್ದರೂ. ರಕ್ತದೊತ್ತಡದ ಗುಳಿಗೆ ಹಲ್ಲುಜ್ಜುವ ಬ್ರಷ್ಷಿನ ಲೋಟದ ಪಕ್ಕ. ಡ್ರಾಯರುಗಳಿಗೆ ನಾನು ಕೈಮುಗಿದಿದ್ದೇನೆ. ಒಳಗೆ ಹೋದದ್ದು ನನ್ನ ಪಾಲಿಗೆ ಲೋಕದಿಂದಲೇ ಹೋದಂತೆ. ತಂದೆಯ ಮೇಜಿನ ಮೇಲೆ ಮರದ ದಿಮ್ಮಿಗೆ ನೆಟ್ಟ ಉದ್ದನೆಯ ಕಂಬಿಯೊಂದು ಇರುತ್ತಿತ್ತು. ಬಂದ ಆರ್ಡರು ಚೀಟಿಯನ್ನೆಲ್ಲ ಅದಕ್ಕೇ ಚುಚ್ಚುತ್ತಿದ್ದರು. ಅದು ಹಳೆಯ ಕಾಲದ ಶಿಸ್ತು ಎಂದುಕೊಂಡಿದ್ದೆ. ಅವರಿಗೂ ಇದೇ ತೊಂದರೆ ಇತ್ತೇನೋ ಎಂದು ಈಗ ಅನ್ನಿಸುತ್ತದೆ. ಪಾಪ, ಚೀಟಿ ಚುಚ್ಚುವಾಗ ಅವರ ಮುಖದಲ್ಲಿ ಯಾವಾಗಲೂ ಒಂದು ಆತಂಕ ಇರುತ್ತಿತ್ತು.

ಸಮಯದ ವಿಷಯ ಇನ್ನೂ ಕಷ್ಟದ್ದು. ನನಗೆ ಕಾಲವೆಂದರೆ ಎರಡೇ: ಈಗ, ಮತ್ತು ಈಗ ಅಲ್ಲದ್ದು. ಎರಡು ವಾರ ಒಂದು ಪುಸ್ತಕದಲ್ಲಿ ಬರೆದು ನೋಡಿದೆ. ಎಡಗಡೆ ನನ್ನ ಅಂದಾಜು, ಬಲಗಡೆ ಗಡಿಯಾರದ ಸತ್ಯ. ಸ್ನಾನ ಅಂದಾಜು 10 ನಿಮಿಷ, ನಿಜ 24. ಕುವೆಂಪುನಗರದ ಮನೆಯಿಂದ ಪ್ರೆಸ್ಸಿಗೆ ದಾರಿ ಅಂದಾಜು 15, ನಿಜವೂ ಸುಮಾರು ಅಷ್ಟೇ. ಹಾಗಾದರೆ ಪ್ರತಿದಿನ ತಡ ಏಕೆ? ಉತ್ತರ 'ಹೊರಡುವುದು' ಎಂಬ ಸಾಲಿನಲ್ಲಿತ್ತು. ಅದಕ್ಕೆ ನಾನು ಅಂದಾಜೇ ಬರೆದಿರಲಿಲ್ಲ. ಚಪ್ಪಲಿ, ಹೆಲ್ಮೆಟ್, ಮತ್ತೆ ಒಳಗೆ ಹೋಗಿ ಕನ್ನಡಕ, ಗಿಡಕ್ಕೆ ನೀರು ಎಂದು ನೆನಪಾಗಿ ಒಂದು ಚೊಂಬು, ಎಲ್ಲ ಸೇರಿ 19 ನಿಮಿಷ. ನಮ್ಮೂರಲ್ಲಿ ಟವೆಲ್ ಸುತ್ತಿಕೊಂಡೇ ಫೋನಿನಲ್ಲಿ "ಇದೋ ಹೊರಟೆ" ಎನ್ನುವ ಪದ್ಧತಿ ಎಲ್ಲರಿಗೂ ಉಂಟು. ನನಗೆ ಮಾತ್ರ ಅದು ಸುಳ್ಳೆಂದು ಗೊತ್ತಿರಲಿಲ್ಲ.

ಮೊಬೈಲಿನಲ್ಲಿ 9:40 ಎಂದು ಕಂಡರೆ ಅದು ಬರಿಯ ಅಂಕಿ. ದುಂಡು ಗಡಿಯಾರದಲ್ಲಿ ಉಳಿದ ಇಪ್ಪತ್ತು ನಿಮಿಷ ಒಂದು ಹೋಳಿನ ಹಾಗೆ, ಕತ್ತರಿಸಿದ ಹಲಸಿನ ತುಂಡಿನ ಹಾಗೆ ಕಾಣುತ್ತದೆ. ನಮ್ಮ ದೊಡ್ಡ ಗಡಿಯಾರ ನೋಡಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ್ದು, ಮುಖದ ಮೇಲೆ ಕನ್ನಡ ಅಂಕಿಗಳು. ಮಾರುಕಟ್ಟೆಗೆ ಹೋಗುವವರಿಗೆಲ್ಲ ಕಾಲ ಕಣ್ಣೆತ್ತಿದರೆ ಕಾಣಬೇಕು ಎಂದು ಕಟ್ಟಿದವರು ನನ್ನಂಥವರನ್ನು ನೆನೆದಿರಬೇಕು. ಈಗ ನಮ್ಮ ಮನೆಯ ಬಚ್ಚಲಲ್ಲೂ ಒಂದು ಮುಳ್ಳಿನ ಗಡಿಯಾರವಿದೆ.

ನಡಿಗೆ, ನಿದ್ದೆ ಇವುಗಳ ಬಗ್ಗೆ ನೀವು ಎಲ್ಲೆಲ್ಲೂ ಕೇಳಿರುತ್ತೀರಿ, ಬೇಗ ಮುಗಿಸುತ್ತೇನೆ. ಬೆವರು ಬರುವಷ್ಟು ಮೈ ದಣಿಸಿದ ದಿನ ಮುಂದಿನ ಕೆಲವು ಗಂಟೆ ತಲೆ ನಿಲ್ಲುತ್ತದೆ. ವಾರಕ್ಕೆರಡು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ಉಳಿದ ದಿನ ಕುಕ್ಕರಹಳ್ಳಿ ಕೆರೆ. ಇಚ್ಛಾಶಕ್ತಿಯಿಂದಲ್ಲ. ಬೆಟ್ಟದ ಪಾದದಲ್ಲಿ ಗೆಳೆಯನೊಬ್ಬ ಐದೂಮುಕ್ಕಾಲಿಗೆ ಕಾಯುತ್ತಾನೆ, ಅವನು ಬೈಯುವ ರೀತಿ ನಿಮಗೆ ಗೊತ್ತಿಲ್ಲ. ರಾತ್ರಿ ಫೋನ್ ನಡುಮನೆಯಲ್ಲೇ ಮಲಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಕಾಫಿ ಇಲ್ಲ, ಮೈಸೂರಿನವನಿಗೆ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಎನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಹಾಗೆ ಕಂಡುಬಂದಿಲ್ಲ. ಮಂಡ್ಯದ ಬೀಗರು ನಿಶ್ಚಿಂತೆಯಿಂದ ಇರಬಹುದು. ಒಂದೆಲಗದ ತಂಬುಳಿಯನ್ನು ನನಗೆ ಬಹಳ ಜನ ಹೇಳಿದರು. ಚೆನ್ನಾಗಿರುತ್ತದೆ, ಬಿಸಿ ಅನ್ನಕ್ಕೆ ಕಲಸಿ ತಿನ್ನಿ. ಸ್ಕೂಟರ್ ಕೀ ಅದರಿಂದ ಸಿಗುವುದಿಲ್ಲ.

ಈಗ ಹೇಳಲು ಸ್ವಲ್ಪ ನಾಚಿಕೆಯಾಗುವ ಭಾಗ. ಎರಡು ವರ್ಷ ಹೀಗೆಲ್ಲ ನಡೆಸಿ, ಮಾತ್ರೆಯಿಲ್ಲದೆ ನಿಭಾಯಿಸುತ್ತಿದ್ದೇನೆ ಎಂದು ನಾಲ್ಕು ಜನರ ಮುಂದೆ ಬೀಗುತ್ತಿದ್ದೆ. ಆಗ ನನ್ನ ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಹೆಂಡತಿ ಹನ್ನೆರಡು ದಿನ ಮಂಡ್ಯದ ತವರಿನಲ್ಲಿ ಉಳಿದಳು. ನಾಲ್ಕನೇ ದಿನಕ್ಕೆ ನನ್ನ ವ್ಯವಸ್ಥೆಯೆಲ್ಲ ಬಿದ್ದುಹೋಯಿತು. ಗ್ಯಾಸ್ ಮುಗಿದಿತ್ತು, ಬುಕ್ ಮಾಡಿರಲಿಲ್ಲ. 20ನೇ ತಾರೀಕು ತುಂಬಬೇಕಾದ ಜಿಎಸ್‌ಟಿ ವಿವರ ತುಂಬಲಿಲ್ಲ, ದಿನಕ್ಕೆ 50 ರೂಪಾಯಿ ದಂಡ ಓಡತೊಡಗಿತು. ಒಬ್ಬ ಹತ್ತಿರದ ನೆಂಟರ ನಾಮಕರಣಕ್ಕೆ ಹೋಗಲಿಲ್ಲ. ಅವೆಲ್ಲ ಅಷ್ಟು ದಿನ ನಡೆದದ್ದು ನನ್ನ ಮೊಳೆಯಿಂದಲೂ ಅಲ್ಲ, ಇಕ್ಕಳದಿಂದಲೂ ಅಲ್ಲ. "ರೀ, ಇವತ್ತು ಹದಿನೆಂಟು" ಎಂದು ಒಂದು ದನಿ ಅಡುಗೆಮನೆಯಿಂದ ಹೇಳುತ್ತಿತ್ತು. ದಿನಕ್ಕೆ ಎಷ್ಟು ಸಲ ಎಂದು ಅವಳನ್ನೇ ಕೇಳಿದೆ. ಎಣಿಸಿಲ್ಲ, ಎಣಿಸಲು ಹೋದರೆ ಅದೂ ನನ್ನದೇ ಕೆಲಸವಾಗುತ್ತದೆ ಎಂದಳು.

ತಲೆಯಲ್ಲಿ ನಿಲ್ಲದ್ದನ್ನು ಹೊರಗೆ ಹಾಕಬೇಕು ಎಂದು ನಿಮಗೆ ಇಷ್ಟು ಹೊತ್ತು ಹೇಳಿದೆ. ನಾನು ಹಾಕಿದ್ದು ಇನ್ನೊಬ್ಬರ ತಲೆಗೆ. ಗಂಡಸರೇ, ನಿಮ್ಮಲ್ಲಿ ಎಡಿಎಚ್‌ಡಿ ಇಲ್ಲದವರೂ ಇದನ್ನು ಮಾಡುತ್ತೀರಿ, ಆದರೆ ನಮ್ಮಂಥವರ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಎಡಿಎಚ್‌ಡಿ ಇರುವ ಹೆಂಗಸಿಗೆ ಈ ಅನುಕೂಲವೂ ಇಲ್ಲ. ಅವಳ ಹಾಲು ಉಕ್ಕಿದರೆ ಅದು ಲಕ್ಷಣವಲ್ಲ, ಅವಳ ಗುಣವೇ ಸರಿಯಿಲ್ಲ ಎನ್ನುತ್ತಾರೆ. ಹುಡುಗಿಯರಲ್ಲಿ ಇದು ಚಡಪಡಿಕೆಯಾಗಿ ಕಾಣದೆ, ಕಿಟಕಿಯಾಚೆ ನೋಡುತ್ತಾ ಕುಳಿತ ಮಗುವಾಗಿ ಕಾಣುವುದೇ ಹೆಚ್ಚು. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಬದಲಾಯಿಸಿದೆವು. ಜಿಎಸ್‌ಟಿ ಕೆಲಸ ದುಡ್ಡು ಕೊಟ್ಟು ತೆರಿಗೆ ಸಲಹೆಗಾರರಿಗೆ ಒಪ್ಪಿಸಿದೆ. ವಿದ್ಯುತ್, ವಿಮೆ ಎಲ್ಲ ಬ್ಯಾಂಕಿನಿಂದ ತಾನಾಗಿ ಹೋಗುತ್ತವೆ. ಬಾಗಿಲ ಪಕ್ಕ ಕರಿಹಲಗೆ. ಭಾನುವಾರ ಸಂಜೆ ಆರೂವರೆಗೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಇಬ್ಬರೂ ಹಲಗೆಯ ಮುಂದೆ ಕೂರುತ್ತೇವೆ, ವಾರದ್ದೆಲ್ಲ ಬರೆಯುವುದು ನಾನು. ವಾರದ ನಡುವೆ ಅವಳು ಜ್ಞಾಪಿಸುವ ಹಾಗಿಲ್ಲ. ಹಲಗೆಯಲ್ಲಿಲ್ಲದ್ದು ತಪ್ಪಿದರೆ ತಪ್ಪಲಿ. ಮೊದಲ ತಿಂಗಳು ಮೂರು ತಪ್ಪಿದವು, ಒಂದಕ್ಕೆ ದುಡ್ಡು ಹೋಯಿತು.

ಕೊನೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಒಬ್ಬ ತಾಯಿ, ಒಂಬತ್ತು ವರ್ಷದ ಮಗನನ್ನೂ ನನ್ನ ಹಾಗೆ ಮಾತ್ರೆಯಿಲ್ಲದೆ ನೋಡಿಕೊಳ್ಳಬಹುದೇ ಎಂದು ಕೇಳಿದರು. ನನ್ನ ಪ್ರೆಸ್ಸಿಗೆ ನಾನೇ ಯಜಮಾನ, ಬೇಕಾದಾಗ ಎದ್ದು ಓಡಾಡುತ್ತೇನೆ, ನಿಮ್ಮ ಮಗ ನಲವತ್ತು ಮಕ್ಕಳ ನಡುವೆ ಬೆಂಚಿನ ಮೇಲೆ ಕೂರಬೇಕು, ನನ್ನನ್ನು ನೋಡಿ ತೀರ್ಮಾನಿಸಬೇಡಿ ಎಂದೆ. ಮೊದಲು ಎಡಿಎಚ್‌ಡಿ ಹೌದೋ ಅಲ್ಲವೋ ತಿಳಿಯಿರಿ. ಇದಕ್ಕೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ ಕೂಡ ಇದೇ ವೇಷ ಹಾಕುತ್ತವೆ. ಯಾರ ಬಳಿ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಒಬ್ಬ ಮೇಷ್ಟರು ತರಗತಿಯಲ್ಲಿ ಏನು ಮಾಡಬಹುದು ಎಂದರು. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಹಲಗೆ ಒರೆಸುವ ಕೆಲಸ ಅವನಿಗೇ ಕೊಡಿ ಎಂದೆ. ಏಳಲು ಒಂದು ನೆಪ ಸಿಕ್ಕರೆ ಅವನು ತಾನಾಗಿ ನೆಪ ಹುಡುಕುವುದಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕೇಳಿದಳು: "ಮೇಡಂ, ಜ್ಞಾಪಿಸುವುದು ಬಿಟ್ಟ ಮೇಲೆ ನಿಮಗೆ ಹೇಗಿದೆ?"

ನನ್ನ ಹೆಂಡತಿ ಎದ್ದು ನಿಂತಳು. "ಮೊದಮೊದಲು ಬಾಯಿ ಕಟ್ಟಿಕೊಂಡಿರುವುದು ಕಷ್ಟವಾಯಿತು. ಈಗ ಅಭ್ಯಾಸವಾಗಿದೆ. ಮೊನ್ನೆ ಸಂಜೆ ನಾನೇ ಒಲೆಯ ಮೇಲೆ ಹಾಲಿಟ್ಟು ಕಾದಂಬರಿ ಹಿಡಿದು ಕುಳಿತಿದ್ದೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನನ್ನ ಕೈಯಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು. ಇವರು ಓಡಿ ಬಂದು ಒಲೆ ಆರಿಸಿದರು."